ಮಾಯೆಯ ಮನೆಗೊಂದು ಕಿಟಕಿ

(ಬಾನುಲಿ ಭಾಷಣದ ಪಾಠ)

ನಾನು ಹೊಟ್ಟೆಪಾಡಿಗಾಗಿ ಕಿಟಕಿಗಳನ್ನು ಮಾಡುವವನು. ಹೀಗೆಂದೊಡನೆ ನಿಮ್ಮ ಕಣ್ಣ ಮುಂದೆ ಉಳಿ, ಬಾಚಿ, ತೇಗದ ಹಲಗೆಗಳು ಬಂದು ನಿಂತರೆ ಆಶ್ಚರ್ಯವಿಲ್ಲ. ನನ್ನ ತಾಯಿಯವರಿಗೂ ಹಾಗೆಯೇ ಆಗಿತ್ತು. ಮಗನ ಉದ್ಯೋಗವೇನೆಂದು ಬಂಧುಗಳು ಕೇಳಿದಾಗಲೆಲ್ಲ ಅವರು, "ಕಂಪ್ಯೂಟರಿನಲ್ಲಿ ಅದೇನೋ ಕಿಟಕಿ ಕೂಡಿಸುತ್ತಾನಂತೆ" ಎಂದು ಹೇಳಿ, ಮುಂದಿನ ಪ್ರಶ್ನೆಗೆ ಎಡೆಗೊಡದೆ ಕಾಫಿ ತರಲು ಒಳಗೆ ಹೋಗಿಬಿಡುತ್ತಿದ್ದರು. ನಾಲ್ಕು ಪುಟಗಳ ವಿವರಣೆ ಬರೆದಿದ್ದರೂ ನಾನು ಅದಕ್ಕಿಂತ ಸರಿಯಾದ ಉತ್ತರವನ್ನು ಕೊಡಲಾರದೆ ಹೋಗುತ್ತಿದ್ದೆ ಎಂದು ಈಗ ಅನ್ನಿಸುತ್ತದೆ.

ಕಿಟಕಿಗೆ ಬೇರೆಬೇರೆ ಭಾಷೆಯ ಜನ ಇಟ್ಟಿರುವ ಹೆಸರುಗಳು ಸ್ವಾರಸ್ಯವಾಗಿವೆ. ಸಂಸ್ಕೃತದ ಗವಾಕ್ಷ ಎಂದರೆ ಗೋವಿನ ಕಣ್ಣು. ಇಂಗ್ಲಿಷಿನ ವಿಂಡೋ ಎಂಬ ಶಬ್ದ ಹಳೆಯ ನಾರ್ಸ್ ಭಾಷೆಯಿಂದ ಬಂದುದು. ಅದರ ಅರ್ಥ ಗಾಳಿಯ ಕಣ್ಣು. ನಮ್ಮ ಬೆಳಕಿಂಡಿ ಕಣ್ಣಿನ ಮಾತೆತ್ತದೆ ಬೆಳಕನ್ನೇ ಹಿಡಿದುಕೊಂಡಿದೆ. ಹೆಸರು ಯಾವುದಾದರೂ ಸರಿ, ಗೋಡೆಯಿದ್ದಲ್ಲಿ ಮಾತ್ರ ಕಿಟಕಿಗೆ ಬೆಲೆ. ಆದುದರಿಂದ ನಾನು ಕಿಟಕಿ ಕೊರೆಯುವ ಗೋಡೆ ಯಾವುದೆಂಬುದನ್ನು ಮೊದಲು ಅರಿಕೆ ಮಾಡಿಕೊಳ್ಳಬೇಕು.

ಬೆಂಗಳೂರಿನಲ್ಲಿ ಅನಿಮೇಷನ್ ಚಿತ್ರಗಳ ಕೆಲಸ ನಡೆಯುವ ಕಾರ್ಯಾಗಾರಗಳು ಹಲವಿವೆ. ಅಂಥ ಒಂದರಲ್ಲಿ ನಾನು ಬಹುಕಾಲ ದುಡಿದಿದ್ದೇನೆ. ಚಿತ್ರ ಬರೆಯುವುದು ನನಗೆ ಬಾರದು. ಬೊಂಬೆಗೆ ಜೀವ ತುಂಬುವ ವಿದ್ಯೆಯೂ ತಿಳಿಯದು. ಆ ವಿದ್ಯೆ ಬಲ್ಲವರ ಪಕ್ಕದಲ್ಲಿದ್ದು, ಅವರಿಗೆ ಬೇಕಾದ ಸಲಕರಣೆಗಳನ್ನು ಒದಗಿಸುವುದಷ್ಟೇ ನನ್ನ ಪಾಲಿನ ಕೆಲಸ. ಚಲನಚಿತ್ರದ ಒಂದು ಸೆಕೆಂಡಿಗೆ 24 ಚಿತ್ರಗಳು ಬೇಕೆಂಬುದನ್ನು ತಾವು ಬಲ್ಲಿರಿ. ಹತ್ತು ಸೆಕೆಂಡಿನ ದೃಶ್ಯಕ್ಕೆ 240. ಹಿಂದೆ ಇವನ್ನು ಒಂದೊಂದಾಗಿ ಕೈಯಿಂದ ಬರೆಯುತ್ತಿದ್ದರು. ಈಗ ಹೆಚ್ಚಿನ ಕಡೆಗಳಲ್ಲಿ ಕಂಪ್ಯೂಟರಿನ ಒಳಗೆ ಬೊಂಬೆಯೊಂದನ್ನು ಕಟ್ಟುತ್ತಾರೆ. ಅದಕ್ಕೆ ಮೂಳೆಗಳಿವೆ, ಕೀಲುಗಳಿವೆ, ಮೇಲೆ ಚರ್ಮದ ಹೊದಿಕೆಯಿದೆ. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಸೂತ್ರದ ಗೊಂಬೆಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಗೊಂಬೆಯ ಅಂಗಗಳಿಗೆ ದಾರಗಳಿದ್ದಂತೆ ಇಲ್ಲಿ ಹಿಡಿಕೆಗಳು. ಆದರೆ ದಾರಗಳು ಆಡಿಸುವವನ ಎರಡು ಕೈಗೆ ನಿಲುಕುವಷ್ಟೇ ಇರಬೇಕು. ಇಲ್ಲಿ ಆ ಮಿತಿಯಿಲ್ಲ. ಹುಬ್ಬಿನ ಒಳತುದಿಗೊಂದು, ಹೊರತುದಿಗೊಂದು, ತುಟಿಯ ಒಂದೊಂದು ಅಂಚಿಗೊಂದು ಎಂದು ಒಂದು ಮುಖಕ್ಕೇ ನೂರು ಹಿಡಿಕೆಗಳಾದರೂ ಆದಾವು.

ಕಲಾವಿದರು ಒಂದು ಚಿತ್ರದಲ್ಲಿ ಬೊಂಬೆಯ ಕೈಯನ್ನು ಕೆಳಗಿಳಿಸಿ ಅಲ್ಲೊಂದು ಗುರುತು ಹಾಕುತ್ತಾರೆ. ಹನ್ನೆರಡು ಚಿತ್ರಗಳಾಚೆ ಅದನ್ನು ಮೇಲೆತ್ತಿ ಇನ್ನೊಂದು ಗುರುತು ಹಾಕುತ್ತಾರೆ. ನಡುವಣ ಹನ್ನೊಂದನ್ನು ಕಂಪ್ಯೂಟರು ತುಂಬಿಕೊಡುತ್ತದೆ. ತುಂಬಿದ್ದು ಮನಸ್ಸಿಗೆ ಒಪ್ಪದಿದ್ದರೆ ನಡುವೆ ಮತ್ತೊಂದು ಗುರುತು, ಇನ್ನೂ ಒಪ್ಪದಿದ್ದರೆ ಮತ್ತೂ ಒಂದು. ಈ ಗುರುತಿಗೆ ಅವರ ಪರಿಭಾಷೆಯಲ್ಲಿ ಕೀ ಎಂದು ಹೆಸರು. ಗಡಿಯಾರಕ್ಕೆ ಕೀ ಕೊಡುವುದು ನಮ್ಮ ರೂಢಿ. ಬೊಂಬೆಗೆ ಕೀ ಹಾಕುವುದು ಅವರ ರೂಢಿ. ಒಂದು ದೃಶ್ಯ ಮುಗಿಯುವ ವೇಳೆಗೆ ಇಂಥ ಕೀಗಳು ಸಾವಿರಗಟ್ಟಲೆ ಸೇರಿರುತ್ತವೆ. ಕಲಾವಿದರ ಹಲವು ದಿನಗಳ ದುಡಿಮೆಯೆಲ್ಲ ಅವುಗಳಲ್ಲಿಯೇ ಇರುವುದು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈ ಕೆಲಸಕ್ಕೆ ಒದಗುವ ತಂತ್ರಾಂಶಗಳಲ್ಲಿ ಬಹಳ ಹೆಸರಾದುದು ಮಾಯಾ. ಹೆಸರು ನಮ್ಮದೇ, ಭ್ರಮೆಯೆಂಬ ಅರ್ಥದ ಸಂಸ್ಕೃತ ಶಬ್ದವನ್ನು ಅದರ ಕರ್ತೃಗಳು ಬೇಕೆಂದೇ ಆರಿಸಿಕೊಂಡರು. ಕೆನಡಾದ ಟೊರಾಂಟೊದಲ್ಲಿ 1983ರಲ್ಲಿ ಹುಟ್ಟಿದ ಏಲಿಯಾಸ್, ಕ್ಯಾಲಿಫೋರ್ನಿಯದ ಸಾಂಟಾ ಬಾರ್ಬರಾದಲ್ಲಿ 1984ರಲ್ಲಿ ಹುಟ್ಟಿದ ವೇವ್‌ಫ್ರಂಟ್ ಎಂಬೆರಡು ಕಂಪನಿಗಳನ್ನು ಸಿಲಿಕಾನ್ ಗ್ರಾಫಿಕ್ಸ್ ಸಂಸ್ಥೆ 1995ರಲ್ಲಿ ಕೊಂಡು ಒಂದುಗೂಡಿಸಿತು. ಆ ಕೂಡುಕುಟುಂಬದಿಂದ 1998ರಲ್ಲಿ ಮಾಯಾ ಹೊರಬಂತು. 2003ರಲ್ಲಿ ಅದಕ್ಕೆ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ದೊರೆಯಿತು. 2006ರಿಂದ ಅದು ಆಟೊಡೆಸ್ಕ್ ಸಂಸ್ಥೆಯ ಸ್ವತ್ತು. ವಂಶಾವಳಿ ಇಷ್ಟು ಸಾಕು.

ಮಾಯಾವನ್ನು ಮೊದಲ ಸಲ ತೆರೆದವನಿಗೆ ಜಾತ್ರೆಯಲ್ಲಿ ಕೈಬಿಟ್ಟ ಮಗುವಿನ ಅವಸ್ಥೆ. ಪಟ್ಟಿಗಳೊಳಗೆ ಪಟ್ಟಿಗಳು, ಅವುಗಳೊಳಗೆ ಇನ್ನಷ್ಟು ಪಟ್ಟಿಗಳು. ಇದು ಮಾಡಿದವರ ತಪ್ಪಲ್ಲ. ಕೊಳ್ಳುವವನು ಯಾರೆಂದು ಅವರಿಗೆ ತಿಳಿಯದು. ಕಾರಿನ ಮಾದರಿ ಕಟ್ಟುವವನಿಗೂ, ಸಮುದ್ರದ ಅಲೆ ಎಬ್ಬಿಸುವವನಿಗೂ, ಬೆಕ್ಕಿನ ನಡಿಗೆಯನ್ನು ಅಭ್ಯಾಸ ಮಾಡುವವನಿಗೂ ಇರುವುದೊಂದೇ ಅಂಗಡಿ. ಬೆಕ್ಕು ನಡೆಸುವವನಿಗೆ ಬೇಕಾದ ಹತ್ತು ಸಾಮಾನುಗಳು ಹತ್ತು ಮೂಲೆಗಳಲ್ಲಿ ಹಂಚಿಹೋಗಿರುತ್ತವೆ. ನಾನು ಹೇಳಿದ ಗೋಡೆ ಇದೇ.

ಆದರೆ ಆ ಕರ್ತೃಗಳು ಒಂದು ವಿವೇಕದ ಕೆಲಸ ಮಾಡಿದ್ದರು. ಮಾಯಾದ ಪಟ್ಟಿಗಳನ್ನೂ ಕಿಟಕಿಗಳನ್ನೂ ಬಹುಮಟ್ಟಿಗೆ ಅದರೊಳಗೇ ಹುದುಗಿಸಿದ್ದ ಮೆಲ್ ಎಂಬ ಒಂದು ಪುಟ್ಟ ಭಾಷೆಯಲ್ಲಿ ಬರೆದು, ಆ ಭಾಷೆಯನ್ನು ಕೊಂಡವರ ಕೈಗೂ ಕೊಟ್ಟರು. ಮನೆ ಕಟ್ಟಿದ ಮೇಸ್ತ್ರಿ ತನ್ನ ಕರಣೆಯನ್ನು ಮನೆಯಲ್ಲೇ ಬಿಟ್ಟುಹೋದ ಹಾಗೆ. ಇನ್ನೂ ಒಂದು ಉಪಕಾರವಿತ್ತು. ನೀವು ಪರದೆಯ ಮೇಲೆ ಏನು ಮಾಡಿದರೂ, ಒಂದು ಗೋಲವನ್ನು ಮಾಡಿ ಬಲಕ್ಕೆ ಸರಿಸಿದರೂ, ಆ ಕೆಲಸದ ವಾಕ್ಯ ಮೂಲೆಯ ಒಂದು ಹಾಳೆಯಲ್ಲಿ ತಾನಾಗಿ ಬರೆದುಕೊಳ್ಳುತ್ತದೆ. ನಾವೆಲ್ಲ ಆ ಭಾಷೆಯನ್ನು ಕಲಿತದ್ದು ವ್ಯಾಕರಣ ಓದಿ ಅಲ್ಲ. ಕೈಯಲ್ಲಿ ಮಾಡುವುದು, ಹಾಳೆಯಲ್ಲಿ ಬಿದ್ದ ಸಾಲನ್ನು ಓದುವುದು. ಮರುದಿನ ಆ ಸಾಲನ್ನೇ ಎತ್ತಿ ಒಂದು ಗುಂಡಿಯ ಹಿಂದೆ ಇಟ್ಟರೆ, ಗುಂಡಿ ಒತ್ತಿದಾಗ ನಿನ್ನೆಯ ಕೆಲಸ ಇಂದು ತಾನಾಗಿ ನಡೆಯುತ್ತದೆ. ನಾನು ಆ ಮೊದಲ ಗುಂಡಿಯನ್ನು ಮಾಡಿ ಒತ್ತಿದ ಸಂಜೆ ಊಟದ ನೆನಪೂ ಆಗಲಿಲ್ಲ.

ಪರದೆಯ ಮೇಲೆ ಕಿಟಕಿಯೆಂಬ ಕಲ್ಪನೆಯೇ ಮಾಯಾಕ್ಕಿಂತ ಹಿರಿಯದು. 1963ರಲ್ಲಿ ಐವನ್ ಸದರ್‌ಲ್ಯಾಂಡ್ ಎಂಬ ಅಮೆರಿಕದ ವಿದ್ಯಾರ್ಥಿ ಬೆಳಕಿನ ಲೇಖನಿಯಿಂದ ಪರದೆಯ ಮೇಲೆಯೇ ರೇಖೆಗಳನ್ನು ಎಳೆದು ತೋರಿಸಿದ. 1968ರಲ್ಲಿ ಡಗ್ಲಾಸ್ ಎಂಗಲ್‌ಬಾರ್ಟ್ ಸಾನ್‌ಫ್ರಾನ್ಸಿಸ್ಕೋದ ಸಭೆಯೊಂದರಲ್ಲಿ ಮೌಸ್ ಎಂಬ ಸಾಧನವನ್ನು ಜನರೆದುರು ಆಡಿಸಿದ. 1973ರಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ ಆಲ್ಟೊ ಎಂಬ ಯಂತ್ರ ಸಿದ್ಧವಾಯಿತು. ಒಂದೇ ಪರದೆಯ ಮೇಲೆ ಹಲವು ಕಿಟಕಿಗಳನ್ನು ತೆರೆದಿಡುವ ಪದ್ಧತಿ ಬೆಳೆದದ್ದು ಅದರ ಮೇಲೆ. ಆ ದೊಡ್ಡವರು ಕಟ್ಟಿದ ಊರಿನಲ್ಲಿ ನಾನು ಸಣ್ಣ ಬಡಗಿ.

ಇನ್ನು, ಕಿಟಕಿ ಕಟ್ಟುವ ಬಗೆ. ಮೊದಲ ಸಾಲಿನಲ್ಲಿ ಕಿಟಕಿ ಇರಲಿ ಎಂದು ಬರೆಯುತ್ತೇವೆ, ಅದಕ್ಕೊಂದು ಹೆಸರಿಡುತ್ತೇವೆ. ಎರಡನೆಯ ಸಾಲಿನಲ್ಲಿ ಒಳಗಿನವರು ಹೇಗೆ ಕೂರಬೇಕೆಂದು ಹೇಳುತ್ತೇವೆ. ಇಂತಿಷ್ಟು ಅಂಗುಲ ಎಡಕ್ಕೆ, ಇಂತಿಷ್ಟು ಕೆಳಕ್ಕೆ ಎಂದು ಅಳೆದು ಹೇಳಬೇಕಾಗಿಲ್ಲ. ಒಂದರ ಕೆಳಗೊಂದು ಬರಲಿ ಎಂದೋ, ಸಾಲಾಗಿ ಬರಲಿ ಎಂದೋ ಹೇಳಿದರೆ ಸಾಕು. ಮದುವೆಯೂಟದ ಪಂಕ್ತಿಯಂತೆ ಬಂದವರು ಬಂದ ಕ್ರಮದಲ್ಲಿ ಕೂರುತ್ತಾರೆ. ಆಮೇಲೆ ಒಬ್ಬೊಬ್ಬರನ್ನಾಗಿ ಕರೆಯುವುದು: ಒಂದು ಗುಂಡಿ, ಅಂಕಿ ಬರೆಯುವ ಒಂದು ಮನೆ, ಹಿಂದೆ ಮುಂದೆ ಎಳೆಯುವ ಒಂದು ಜಾರುಗುಬ್ಬಿ. ಗುಂಡಿಯನ್ನು ಒತ್ತಿದರೆ ಏನಾಗಬೇಕೆಂಬ ಆಜ್ಞೆಯನ್ನು ಅದರ ಬೆನ್ನಿಗೇ ಕಟ್ಟಬೇಕು. ಕಡೆಯ ಸಾಲು, ಕಿಟಕಿ ಕಾಣಿಸಲಿ ಎಂಬುದು. ಇದನ್ನು ಮರೆತರೆ ಕಿಟಕಿ ಇರುತ್ತದೆ, ಕಾಣುವುದಿಲ್ಲ. ಇದ್ದೂ ಕಾಣದ್ದು, ಕಂಡೂ ಇಲ್ಲದ್ದು ಎರಡನ್ನೂ ಬಗೆಬಗೆಯಾಗಿ ಚರ್ಚಿಸಿದ ನಾಡಿನವರಾದ ನಮಗೆ ಇದರಿಂದ ಆಘಾತವಾಗಬಾರದು. ಆದರೂ ಮೊದಲ ವಾರದಲ್ಲಿ ಆಗುತ್ತದೆ.

ಸರಿಯಾಗಿ ಕಾಣಿಸಿತೆಂದು ಇಟ್ಟುಕೊಳ್ಳಿ. ಒಂದು ಸಾಲನ್ನು ತಿದ್ದಿ ಮತ್ತೆ ಓಡಿಸಿದರೆ, ಆ ಹೆಸರಿನ ಕಿಟಕಿ ಈಗಾಗಲೇ ಇದೆ, ಇನ್ನೊಂದನ್ನು ಮಾಡಲಾರೆ ಎಂದು ಮಾಯಾ ಹಟ ಹಿಡಿಯುತ್ತದೆ. ಅದಕ್ಕೇ ಅನುಭವಸ್ಥರು ಎಲ್ಲಕ್ಕಿಂತ ಮೊದಲು ಒಂದು ಸಾಲು ಬರೆಯುತ್ತಾರೆ: ಹಳೆಯದು ಇದ್ದರೆ ತೆಗೆದುಹಾಕು. ಅದಾದ ಮೇಲೆ, ಕಿಟಕಿಯ ಅಗಲ ಸಾಲದೆಂದು 300 ಇದ್ದುದನ್ನು 400 ಎಂದು ತಿದ್ದುತ್ತೀರಿ. ಅಗಲ ಮಾತ್ರ ಬದಲಾಗುವುದಿಲ್ಲ. ಹಿಂದೆ ನೀವೇ ಎಳೆದು ನಿಲ್ಲಿಸಿದ ಅಳತೆಯನ್ನು ಮಾಯಾ ನೆನಪಿಟ್ಟುಕೊಂಡು, ನಿಮ್ಮ ಇಂದಿನ ಮಾತಿಗಿಂತ ನಿನ್ನೆಯ ಮಾತನ್ನೇ ದೊಡ್ಡದು ಮಾಡುತ್ತದೆ. ಮನೆಯ ಹಿರಿಯರೊಡನೆ ಬಾಳಿದವರಿಗೆ ಇದೂ ಹೊಸದಲ್ಲ.

2007ರಲ್ಲಿ ಮಾಯಾಕ್ಕೆ ಪೈಥಾನ್ ಎಂಬ ಇನ್ನೊಂದು ಭಾಷೆ ಬಂತು. ಗೈಡೊ ವಾನ್ ರಾಸಮ್ ಎಂಬ ಡಚ್ಚರವರು ರೂಪಿಸಿ 1991ರಲ್ಲಿ ಹೊರತಂದ ಭಾಷೆಯದು. ಹೆಸರು ಹೆಬ್ಬಾವಿನಿಂದ ಬಂದುದಲ್ಲ, ಮಾಂಟಿ ಪೈಥಾನ್ ಎಂಬ ಬ್ರಿಟಿಷ್ ಹಾಸ್ಯಗಾರರ ತಂಡದಿಂದ ಬಂದುದು. ಆ ಭಾಷೆ ನನ್ನೊಡನೆಯೂ ಒಂದು ಹಾಸ್ಯ ಮಾಡಿತು. ಬೊಂಬೆಯ ಹತ್ತು ಬೆರಳುಗಳಿಗೆ ಹತ್ತು ಗುಂಡಿಗಳು ಬೇಕಾಗಿದ್ದವು. ಹತ್ತು ಸಲ ಬರೆಯುವ ಬದಲು ಒಂದೇ ಸಲ ಬರೆದು ಹತ್ತು ಸುತ್ತು ತಿರುಗಿಸಿದೆ. ಹತ್ತು ಗುಂಡಿಗಳೂ ಚೆಂದವಾಗಿ ಸಾಲುಗಟ್ಟಿ ಬಂದವು. ಹೆಬ್ಬೆರಳಿನ ಗುಂಡಿಯನ್ನು ಒತ್ತಿದೆ. ಎಡಗೈಯ ಕಿರುಬೆರಳು ಮಡಚಿಕೊಂಡಿತು. ತೋರುಬೆರಳಿನದನ್ನು ಒತ್ತಿದೆ, ಆಗಲೂ ಕಿರುಬೆರಳೇ. ಹತ್ತರಲ್ಲಿ ಯಾವುದನ್ನು ಒತ್ತಿದರೂ ಆ ಒಂದೇ ಕಿರುಬೆರಳು ನನ್ನನ್ನು ಅಣಕಿಸುವಂತೆ ಬಾಗುತ್ತಿತ್ತು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಕಾರಣ ಹೊಳೆಯಿತು. ಊರಿನ ಶಾಲೆಗೆ ನೀವು "ಹೆಡ್‌ಮಾಸ್ತರಿಗೆ" ಎಂದಷ್ಟೇ ವಿಳಾಸ ಬರೆದು ಹತ್ತು ವರ್ಷದಲ್ಲಿ ಹತ್ತು ಕಾಗದ ಹಾಕಿ, ಅಂಚೆಯವನು ಎಲ್ಲವನ್ನೂ ಕೂಡಿಟ್ಟು ಇಂದು ಹಂಚಿದರೆ, ಹತ್ತೂ ಇಂದಿನ ಹೆಡ್‌ಮಾಸ್ತರ ಕೈ ಸೇರುತ್ತವೆ. ನನ್ನ ಗುಂಡಿಗಳು ಇಟ್ಟುಕೊಂಡದ್ದು ಬೆರಳನ್ನಲ್ಲ, "ಈಗಿನ ಬೆರಳು" ಎಂಬ ಹೆಸರನ್ನು. ಒತ್ತುವ ಹೊತ್ತಿಗೆ ಸುತ್ತು ಮುಗಿದು ಆ ಹೆಸರಿನ ಪೀಠದಲ್ಲಿ ಕಿರುಬೆರಳು ಕುಳಿತಿತ್ತು. ಗುಂಡಿಯನ್ನು ಮಾಡುವಾಗಲೇ ಆಯಾ ಬೆರಳನ್ನು ಅದರ ಕೈಯಲ್ಲಿ ಕೊಟ್ಟು ಕಳಿಸಬೇಕಿತ್ತು.

ಇದು ನಕ್ಕು ಮರೆಯಬಹುದಾದ ತಪ್ಪು. ಮರೆಯಲಾಗದ ಇನ್ನೊಂದನ್ನು ಹೇಳುವುದಕ್ಕಾಗಿಯೇ ಈ ಭಾಷಣಕ್ಕೆ ಒಪ್ಪಿಕೊಂಡೆ.

2012ರ ಮಾತು. ನಮ್ಮಲ್ಲಿ ಹಿರಿಯ ಕಲಾವಿದೆಯೊಬ್ಬರಿದ್ದರು. ಕೈಯಿಂದ ಚಿತ್ರ ಬರೆಯುವ ಕಾಲದಿಂದ ಈ ಕೆಲಸದಲ್ಲಿದ್ದವರು. ವರ್ಷಗಟ್ಟಲೆ ಮೌಸ್ ಹಿಡಿದು ಅವರ ಬಲಗೈಯ ಮಣಿಕಟ್ಟು ನೋಯುತ್ತಿತ್ತು. ಪಟ್ಟಿ ಸುತ್ತಿಕೊಂಡು ಕೂರುತ್ತಿದ್ದರು. ಅವರು ಆಗ ಮಾಡುತ್ತಿದ್ದ ದೃಶ್ಯ ಚಿಕ್ಕದು. ಹುಡುಗಿಯೊಬ್ಬಳು ಕೈ ಬೀಸಿಕೊಂಡು ನಡೆದು ಬರುತ್ತಾಳೆ, ಬಾಗಿಲನ್ನು ತಳ್ಳುತ್ತಾಳೆ, ಒಳಗೆ ಹೋಗುವ ಮೊದಲು ಒಮ್ಮೆ ಹಿಂತಿರುಗಿ ನೋಡುತ್ತಾಳೆ.

ಬೊಂಬೆಯ ತೋಳನ್ನು ಆಡಿಸಲು ಎರಡು ವಿಧಾನಗಳಿವೆ. ಭುಜದಿಂದ ಆರಂಭಿಸಿ ಮೊಣಕೈ, ಮಣಿಕಟ್ಟು ಎಂದು ಒಂದೊಂದು ಕೀಲನ್ನೂ ತಿರುಗಿಸುತ್ತ ಬರುವುದು ಒಂದು. ಅಂಗೈಯನ್ನೇ ಹಿಡಿದು ಬೇಕಾದಲ್ಲಿ ಇರಿಸಿ, ಮೊಣಕೈ ತಾನಾಗಿ ಮಡಚಿಕೊಳ್ಳುವಂತೆ ಬಿಡುವುದು ಇನ್ನೊಂದು. ಬೀಸಿ ನಡೆಯುವ ಕೈಗೆ ಮೊದಲನೆಯದು ಸಹಜ. ಬಾಗಿಲಿಗೆ ಊರಿದ ಕೈಗೆ ಎರಡನೆಯದು ಸಹಜ. ನಡೆದು ಬಂದು ಬಾಗಿಲು ತಳ್ಳಬೇಕಾದರೆ ನಡುವೆ ಒಂದರಿಂದ ಇನ್ನೊಂದಕ್ಕೆ ದಾಟಬೇಕು. ದಾಟುವ ಚಿತ್ರದಲ್ಲಿ ಕೈ ಕೂದಲೆಳೆಯಷ್ಟೂ ಜಿಗಿಯಬಾರದು. ನೋಡುವವರ ಕಣ್ಣು ಅದನ್ನು ಕೂಡಲೇ ಹಿಡಿಯುತ್ತದೆ. ಅವರು ಇದನ್ನು ಕೈಯಿಂದಲೇ ಹೊಂದಿಸುತ್ತಿದ್ದರು. ನಾನು ಎಣಿಸಿದೆ: ಒಂದು ದಾಟಿಗೆ 31 ಸಲ ಮೌಸ್ ಒತ್ತಿದರು.

ನಾನು ಸಹಾಯಕ್ಕೆ ಧಾವಿಸಿದೆ. ಒಂದು ವಾರ ಕೂತು ಕಿಟಕಿಯೊಂದನ್ನು ಕಟ್ಟಿದೆ. ಅದರಲ್ಲಿ 84 ಗುಂಡಿಗಳೂ ಜಾರುಗುಬ್ಬಿಗಳೂ ಇದ್ದವು; ನನಗೆ ಮಾಡಲು ಬರುತ್ತಿದ್ದುದೆಲ್ಲವೂ ಅದರಲ್ಲಿತ್ತು. ಅವರು ಸೌಜನ್ಯದಿಂದ ಮೆಚ್ಚಿಕೊಂಡು ಮೂರನ್ನು ಮಾತ್ರ ಬಳಸಿದರು. ಹೊಂದಿಸುವುದು, ಕೀ ಹಾಕುವುದು, ಮುಂದಿನ ಕೀಗೆ ಹೋಗುವುದು. ಉಳಿದ 81 ಅವರ ಪರದೆಯ ಜಾಗವನ್ನು ತಿನ್ನುತ್ತಿದ್ದವು. ನಾಚಿಕೆಯಾಗಿ ಬಹಳಷ್ಟನ್ನು ಕಿತ್ತುಹಾಕಿದೆ. ಉಳಿದದ್ದು ಚಿಕ್ಕದಾದ, ಚೊಕ್ಕವಾದ ಕಿಟಕಿ. ಅದನ್ನು ಮೆಲ್ ಭಾಷೆಯಿಂದ ಪೈಥಾನಿಗೂ ಬದಲಾಯಿಸಿದೆ. ಕೆಲಸ ಕಳೆದುಹೋಗಬಾರದೆಂಬ ಕಾಳಜಿಯಿಂದ, ಯಾವ ಗುಂಡಿಯನ್ನು ಒತ್ತಿದರೂ ಕಡೆಯಲ್ಲಿ ದೃಶ್ಯ ತಾನಾಗಿ ಉಳಿತಾಯವಾಗುವಂತೆ ಏರ್ಪಡಿಸಿದೆ. ಇದನ್ನು ಅವರು ಕೇಳಿರಲಿಲ್ಲ.

ಕನ್ನಡದಲ್ಲಿ ಗುಂಡಿ ಎಂದರೆ ಅಂಗಿಯದೂ ಹೌದು, ಕಾಲಿಟ್ಟರೆ ಬೀಳುವುದೂ ಹೌದು. ಆ ಕಿಟಕಿಯಲ್ಲಿ ಎರಡನೆಯ ಬಗೆಯದೊಂದು ಉಳಿದುಬಿಟ್ಟಿತ್ತು. ಕಿಟಕಿಯನ್ನು ಪರೀಕ್ಷಿಸುವಾಗ ಬೊಂಬೆಯ ಮೇಲಿನ ಎಲ್ಲ ಕೀಗಳನ್ನೂ ಒಮ್ಮೆಲೇ ಅಳಿಸಿ ಹೊಸದಾಗಿ ತೊಡಗುವುದು ನನಗೆ ಬೇಕಾಗುತ್ತಿತ್ತು. ಅದಕ್ಕೆಂದು, ಕೀ ಹಾಕುವ ಗುಂಡಿಯ ಕೆಳಗೆ, ಅದೇ ಅಳತೆಯ, ಅದೇ ಬೂದುಬಣ್ಣದ ಒಂದು ಗುಂಡಿಯನ್ನು ಇಟ್ಟುಕೊಂಡಿದ್ದೆ. ಅದು ನನಗಾಗಿ ಇದ್ದುದು, ಅವರಿಗಾಗಿ ಅಲ್ಲ. ತೆಗೆಯಲು ಮರೆತಿದ್ದೆ.

ಒಂದು ಸಂಜೆ ಅವರ ನೋಯುವ ಕೈ ಅರ್ಧ ಅಂಗುಲ ಕೆಳಗೆ ಜಾರಿತು. ಬೊಂಬೆಯ ಮೈಮೇಲೆ 140 ಹಿಡಿಕೆಗಳಿದ್ದವು; 140ರ ಕೀಗಳೂ ಅಳಿಸಿಹೋದವು. ಹುಡುಗಿ ತೋಳುಗಳನ್ನು ಎರಡೂ ಕಡೆಗೆ ಚಾಚಿ, ದೃಷ್ಟಿಬೊಂಬೆಯಂತೆ ನೆಟ್ಟಗೆ ನಿಂತಳು. ಅವರು ಗಾಬರಿಯಾಗಲಿಲ್ಲ. ಮಾಡಿದ್ದನ್ನು ಹಿಂದಕ್ಕೆ ಕರೆಯುವ ಅನುಕೂಲ ಮಾಯಾದಲ್ಲಿದೆ, ಅದನ್ನು ಒತ್ತಿದರು. ಒಂದು ಹಿಡಿಕೆಯ ಕೀಗಳು ಹಿಂದಿರುಗಿದವು. ಮತ್ತೆ ಒತ್ತಿದರು, ಇನ್ನೊಂದು. ಮೆಲ್‌ನಲ್ಲಿದ್ದಾಗ ಗುಂಡಿಯೊಂದು ಮಾಡುವ ಕೆಲಸವೆಲ್ಲ ಒಂದೇ ಹೆಜ್ಜೆಯೆಂದು ಲೆಕ್ಕವಾಗುತ್ತಿತ್ತು. ನಾನು ಪೈಥಾನಿಗೆ ತಂದ ಮೇಲೆ ಒಳಗಿನ ಒಂದೊಂದು ಆಜ್ಞೆಯೂ ಒಂದೊಂದು ಹೆಜ್ಜೆಯಾಗಿತ್ತು. ಅದನ್ನು ನಾನು ಗಮನಿಸಿರಲಿಲ್ಲ. ಆ ಯಂತ್ರದಲ್ಲಿ ಮಾಯಾ ನೆನಪಿಡುತ್ತಿದ್ದುದು 50 ಹೆಜ್ಜೆಗಳನ್ನು. ಐವತ್ತು ಸಲ ಒತ್ತಿದ ಮೇಲೆ ಐವತ್ತು ಹಿಡಿಕೆಗಳು ಬಂದವು, ತೊಂಬತ್ತು ಬರಲಿಲ್ಲ. ಉಳಿಸಿಟ್ಟ ಪ್ರತಿಯನ್ನಾದರೂ ತೆರೆಯೋಣವೆಂದರೆ, ನನ್ನ ಕಾಳಜಿ ಅಲ್ಲಿಯೂ ಮೊದಲೇ ಹೋಗಿ ಕೂತಿತ್ತು: ಗುಂಡಿ ಒತ್ತಿದೊಡನೆ ಬರಿದಾದ ದೃಶ್ಯವೇ ಹಳೆಯದರ ಮೇಲೆ ಉಳಿತಾಯವಾಗಿತ್ತು. ಬೇರೆ ಹೆಸರಿನಲ್ಲಿ ಅವರು ತೆಗೆದಿಟ್ಟಿದ್ದ ಪ್ರತಿ ಮೂರು ದಿನ ಹಳೆಯದು. ದೃಶ್ಯವನ್ನು ಒಪ್ಪಿಸಬೇಕಾದುದು ಮರುದಿನ ಮಧ್ಯಾಹ್ನ.

ಅವರು ನನ್ನನ್ನು ಕರೆದು ತೋರಿಸಿದರು. ಏನೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು. ಮಣಿಕಟ್ಟಿನ ಪಟ್ಟಿಯನ್ನು ಬಿಚ್ಚಿ ಮತ್ತೆ ಸುತ್ತಿಕೊಂಡು, ಹಳೆಯ ಪ್ರತಿಯನ್ನು ತೆರೆದು ಕೆಲಸಕ್ಕೆ ಕೂತರು. ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಚಹಾ ತರುವುದು ಬಿಟ್ಟರೆ ನನ್ನಿಂದ ಬೇರೆ ಉಪಯೋಗವಿರಲಿಲ್ಲ. ಆ ರಾತ್ರಿಯೇ ನಾನು ಮೊದಲ ಬಾರಿಗೆ ಅವರ ಕೆಲಸವನ್ನು ನಿಜವಾಗಿ ನೋಡಿದ್ದು. ಅವರ ಕಣ್ಣು ಎಂದೂ ಕಿಟಕಿಯ ಮೇಲೆ ಇರುತ್ತಿರಲಿಲ್ಲ, ಬೊಂಬೆಯ ಮೇಲಿರುತ್ತಿತ್ತು. ಗುಂಡಿಯ ಮೇಲೆ ನಾನು ಬರೆದಿದ್ದ ಹೆಸರನ್ನು ಅವರು ಓದುತ್ತಿರಲಿಲ್ಲ. ಕತ್ತಲಲ್ಲಿ ದೀಪದ ಸ್ವಿಚ್ಚನ್ನು ಮುಟ್ಟುವಂತೆ ಅದರ ಸ್ಥಳವನ್ನು ಕೈ ತಾನಾಗಿ ಹುಡುಕಿಕೊಳ್ಳುತ್ತಿತ್ತು. ಸ್ಥಳದಿಂದಲೇ ಗುರುತಿಸುವವರ ಮುಂದೆ, ಕೀ ಹಾಕುವ ಗುಂಡಿಗೆ ಅರ್ಧ ಅಂಗುಲದಲ್ಲಿ ಎಲ್ಲ ಅಳಿಸುವ ಗುಂಡಿಯನ್ನು ಇಟ್ಟಿದ್ದೆ ನಾನು. ಆ ಒಂದು ವಾರ ಕಿಟಕಿ ಕಟ್ಟುವುದಕ್ಕೆ ಮೊದಲು ಒಂದು ಗಂಟೆ ಹೀಗೆ ಪಕ್ಕದಲ್ಲಿ ಕೂತಿದ್ದರೆ ಇದು ತಿಳಿಯುತ್ತಿತ್ತು. ನಾನು ಎಣಿಸಿದ್ದು 31 ಒತ್ತುಗಳನ್ನು ಮಾತ್ರ, ಒತ್ತುವವರನ್ನು ನೋಡಿರಲಿಲ್ಲ.

ಬೆಳಗಿನ ಹೊತ್ತಿಗೆ ದೃಶ್ಯ ಸಿದ್ಧವಾಯಿತು. ನಡಿಗೆ ಬಂತು, ಬಾಗಿಲು ತಳ್ಳುವುದು ಬಂತು. ನನಗೆ ಎಲ್ಲವೂ ಮೊದಲಿನಂತೆಯೇ ಕಂಡಿತು. ಒಪ್ಪಿಸಿದ ಕಡೆಯವರೂ ಯಾವ ಕೊರತೆಯನ್ನೂ ಹೇಳಲಿಲ್ಲ. ಅವರು ಮಾತ್ರ ಕೊನೆಯ ಒಂದು ಸೆಕೆಂಡನ್ನು ಮತ್ತೆ ಮತ್ತೆ ಓಡಿಸಿ ನೋಡಿ, "ತಿರುಗಿ ನೋಡುವುದು ಮೊದಲಿನದು ಬರಲಿಲ್ಲ. ಆವತ್ತು ಅವಳು ನೋಡಿದ್ದೇ ಬೇರೆ" ಎಂದರು. ಆ ಮೊದಲಿನ ನೋಟ ಹೇಗಿತ್ತೋ ನಾನು ಕಂಡಿಲ್ಲ. ಈಗ ಅದನ್ನು ಯಾರೂ ಕಾಣುವಂತಿಲ್ಲ.

ಆ ವಾರ ಕಿಟಕಿಯನ್ನು ಕೆಡವಿ ಮತ್ತೆ ಕಟ್ಟಿದೆ. ಗುಂಡಿಯೊಂದು ಒಳಗೆ ನೂರು ಕೆಲಸ ಮಾಡಿದರೂ ಮೊದಲಲ್ಲಿ ಒಂದು ಬಾಗಿಲು ತೆರೆದು ಕೊನೆಯಲ್ಲಿ ಮುಚ್ಚುವಂತೆ ಎರಡು ಸಾಲು ಸೇರಿಸಿದರೆ, ನಡುವಿನ ನೂರನ್ನೂ ಮಾಯಾ ಒಂದೇ ಹೆಜ್ಜೆಯೆಂದು ಎಣಿಸುತ್ತದೆ. ಹಿಂದಕ್ಕೆ ಕರೆದರೆ ನೂರೂ ಒಟ್ಟಿಗೆ ಬರುತ್ತವೆ. ಆ ಎರಡು ಸಾಲುಗಳು ನನಗೆ ಮೊದಲೇ ಸಿಗುವಂತಿದ್ದವು. ತಾನಾಗಿ ಉಳಿತಾಯವಾಗುವುದನ್ನು ತೆಗೆದುಹಾಕಿದೆ. ಬದಲಿಗೆ ಪ್ರತಿ ಸಲವೂ ಹೊಸ ಸಂಖ್ಯೆಯ ಬೇರೆ ಪ್ರತಿಯಾಗಿ ಉಳಿಸುವ ಗುಂಡಿಯೊಂದನ್ನು ಅವರೇ ಕೇಳಿ ಹಾಕಿಸಿಕೊಂಡರು. ಅಳಿಸುವ ಗುಂಡಿ ಬೇಡವೇ ಬೇಡವೆಂದಿದ್ದೆ. ಅವರು, "ಇರಲಿ, ಒಮ್ಮೊಮ್ಮೆ ಬೇಕಾಗುತ್ತದೆ, ದೂರ ಇಡು" ಎಂದರು. ಅದು ಕಿಟಕಿಯ ತೀರ ಕೆಳಗೆ, ನಡುವೆ ಎರಡು ಗುಂಡಿಗಳಷ್ಟು ಖಾಲಿ ಜಾಗ ಬಿಟ್ಟು, ಕೆಂಪು ಬಣ್ಣದಲ್ಲಿ ಕೂತಿತು. ಒತ್ತಿದರೆ, ಖಂಡಿತವೇ ಎಂದು ಕೇಳುತ್ತದೆ. ಉಳಿದ ಯಾವ ಗುಂಡಿಯೂ ಏನನ್ನೂ ಕೇಳುವುದಿಲ್ಲ. ಮಾತುಮಾತಿಗೂ ಖಂಡಿತವೇ ಎಂದು ಕೇಳುವ ಮನೆಯಲ್ಲಿ ಜನ ಪ್ರಶ್ನೆ ಮುಗಿಯುವ ಮೊದಲೇ ಹೌದೆನ್ನುವುದನ್ನು ಕಲಿತುಬಿಡುತ್ತಾರೆ.

ಅಲ್ಲಿಂದೀಚೆಗೆ ಸಲಕರಣೆಗಳು ಬಹಳ ಮುಂದುವರಿದಿವೆ. ನಾರ್ವೆಯಲ್ಲಿ ಹುಟ್ಟಿದ ಕ್ಯೂಟ್ ಎಂಬ ಚೌಕಟ್ಟನ್ನು ಮಾಯಾ 2010ರಲ್ಲೇ ಅಳವಡಿಸಿಕೊಂಡಿತ್ತು. ಅದರ ಬಲದಿಂದ ಈಗ ಗುಂಡಿಗಳ ಮೇಲೆ ಕನ್ನಡದಲ್ಲಿಯೂ ಬರೆಯಬಹುದು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗರಿಗಾಗಿ ಒಮ್ಮೆ ಹಾಗೆ ಮಾಡಿದೆ. ಹೊಂದಿಸು, ಹಿಡಿ, ಬಿಡು, ಹಿಂದೆ, ಮುಂದೆ ಎಂಬ ಮಾತುಗಳು ಇಂಗ್ಲಿಷಿಗಿಂತ ಚಿಕ್ಕ ಜಾಗದಲ್ಲಿ ಕೂತವು. ಕೀ ಎಂಬುದಕ್ಕೆ ಮಾತ್ರ ಮೂರು ದಿನ ಶಬ್ದಕೋಶ ತಿರುವಿ "ನೆಲೆಗುರುತು" ಎಂದು ಬರೆದೆ. ಹುಡುಗರು ಅದನ್ನು ನೋಡಿ, "ಸಾರ್, ಇದೇನು, ಕೀ ತಾನೇ?" ಎಂದರು. ಕೀ ಎಂದೇ ತಿದ್ದಿದೆ.

ಮಾಯಾ ಬೆಲೆಬಾಳುವ ಸರಕು. ಆದರೆ ಇದೇ ವಿದ್ಯೆಗೆ ಉಚಿತವಾದ ದಾರಿಯೊಂದಿದೆ. ನೆದರ್‌ಲ್ಯಾಂಡ್ಸ್‌ನ ಟಾನ್ ರೂಸೆಂಡಾಲ್ 1994ರಲ್ಲಿ ತೊಡಗಿದ ಬ್ಲೆಂಡರ್ ಎಂಬ ತಂತ್ರಾಂಶ, ಅದನ್ನು ನಡೆಸುತ್ತಿದ್ದ ಕಂಪನಿ ಮುಚ್ಚಿದಾಗ ಕೈತಪ್ಪುವಂತಾಗಿತ್ತು. 2002ರಲ್ಲಿ ಅದರ ಅಭಿಮಾನಿಗಳು ಏಳು ವಾರಗಳಲ್ಲಿ ಒಂದು ಲಕ್ಷ ಯೂರೋ ಕೂಡಿಸಿ ಅದನ್ನು ಬಿಡಿಸಿಕೊಂಡು ಎಲ್ಲರ ಸ್ವತ್ತಾಗಿ ಮಾಡಿದರು. ಅದರ ಫಲಕಗಳೂ ಪೈಥಾನಿನಲ್ಲಿಯೇ ಬರೆದವು. ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಬಹುದು. ಲಾಟ್ವಿಯದ ಗಿಂಟ್ಸ್ ಜಿಲ್ಬಲೋಡಿಸ್ ಅದರಲ್ಲಿ ಮಾಡಿದ "ಫ್ಲೋ" ಎಂಬ ಮಾತಿಲ್ಲದ ಚಿತ್ರ, ಒಂದು ಬೆಕ್ಕಿನ ಕತೆ, 2025ರಲ್ಲಿ ಆಸ್ಕರ್ ಪಡೆಯಿತು. ಶಿವಮೊಗ್ಗದಲ್ಲೋ ಗದಗಿನಲ್ಲೋ ಕುಳಿತ ಹುಡುಗಿಯೊಬ್ಬಳು ಒಂದು ಸಾಧಾರಣ ಕಂಪ್ಯೂಟರಿನಲ್ಲಿ ಇಂದು ತನ್ನದೇ ಕಿಟಕಿ ಕಟ್ಟಬಹುದು. ಬೇಕೆಂದುದನ್ನು ಹೇಳಿದೊಡನೆ ಸಾಲುಗಳನ್ನು ಬರೆದುಕೊಡುವ ಯಂತ್ರಗಳೂ ಬಂದಿವೆ. ಹತ್ತು ಬೆರಳಿಗೆ ಹತ್ತು ಗುಂಡಿಗಳನ್ನು ಅವು ಬಹುಶಃ ನನಗಿಂತ ಸರಿಯಾಗಿಯೇ ಮಾಡಿಯಾವು. ಆದರೆ ಕೀ ಹಾಕುವ ಗುಂಡಿಯ ಪಕ್ಕದಲ್ಲಿ ಏನಿರಬಾರದೆಂಬುದನ್ನು, ಪಟ್ಟಿ ಸುತ್ತಿದ ಕೈಯೊಂದು ಕೆಲಸ ಮಾಡುವುದನ್ನು ನೋಡಿದವರೇ ಅವಕ್ಕೆ ಹೇಳಬೇಕಾಗುತ್ತದೆ.

ಆ ಹಿರಿಯರು ಈಗ ಕೆಲಸ ಬಿಟ್ಟಿದ್ದಾರೆ; ಮಕ್ಕಳಿಗೆ ಚಿತ್ರ ಬರೆಯುವುದನ್ನು ಕಲಿಸುತ್ತಾರೆ, ಕಾಗದದ ಮೇಲೆ. ಅವರಿಗಾಗಿ ಕಟ್ಟಿದ ಕಿಟಕಿ ಎಷ್ಟೋ ಸಲ ದುರಸ್ತಿಯಾಗಿ ಇನ್ನೂ ಬಳಕೆಯಲ್ಲಿದೆ. ಅದರ ಮೇಲೆ ಯಾರ ಹೆಸರೂ ಇಲ್ಲ. ಈಚೆಗೆ ಹೊಸದಾಗಿ ಬಂದ ತರುಣನೊಬ್ಬ ಅದನ್ನು ಚೊಕ್ಕಟ ಮಾಡುವ ಉತ್ಸಾಹದಲ್ಲಿ, "ಸಾರ್, ಕೆಳಗಡೆ ಇಷ್ಟೊಂದು ಜಾಗ ದಂಡವಾಗಿದೆ. ಕೆಂಪು ಗುಂಡಿಯನ್ನು ಮೇಲಕ್ಕೆ ಸರಿಸಲೇ?" ಎಂದು ಕೇಳಿದ. ಕುರ್ಚಿ ಎಳೆದುಕೊಂಡು ಕೂರಪ್ಪ ಎಂದು ಹೇಳಿ, ಇಷ್ಟು ಹೊತ್ತು ನಿಮಗೆ ಹೇಳಿದ ಕತೆಯನ್ನು ಅವನಿಗೂ ಹೇಳಿದೆ. ಆ ಜಾಗ ಹಾಗೆಯೇ ಇದೆ.